ಪೀಪಾಯಿಯಲ್ಲಿ ನಲವತ್ತು ವರ್ಷ



ಈ ಹೊತ್ತಿನ ನನ್ನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ರೇಡಿಯೋದ ಕಿವಿ ಹಿಂಡಬಹುದು. ವಿಷಯ ವಿಸ್ಕಿ. ಅದೂ ಸ್ಕಾಟ್ಲೆಂಡ್ ದೇಶದ ಬಹಳ ಹಳೆಯ ವಿಸ್ಕಿ. ಈ ಭಾಷಣಕ್ಕೆ ಒಪ್ಪಿಕೊಂಡು ಬಂದೆ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಯಾಕೆಂದರೆ ನಾನು ಕುಡಿಯುವವನಲ್ಲ. ಕುಡಿಯಿರಿ ಎಂದು ಹೇಳಲು ಬಂದವನೂ ಅಲ್ಲ. ಮೆಟ್ರಿಕ್ ಪಾಸು ಮಾಡಿ, ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ನನಗೆ ಗೊತ್ತಿರುವುದು ಲೆಕ್ಕ. ಈ ವಿಸ್ಕಿಯ ಒಳಗೂ ಒಂದು ಲೆಕ್ಕ ಸಿಕ್ಕಿತು, ಅದನ್ನು ಹೇಳಬೇಕೆನಿಸಿತು.

ಮೊದಲು ನಮ್ಮ ಮನೆಯ ಮಾತು ಹೇಳಿಬಿಡುತ್ತೇನೆ. ನನ್ನ ಅಣ್ಣ ಶೇಂಗಾ ಮಿಲ್ಲಿನಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದ. ಚೀಲ ಹೊತ್ತ ಮೈನೋವಿಗೆ ಎಂದು ಸಾರಾ ಕುಡಿಯಲು ಸುರುಮಾಡಿದ. ಸುರುವಿಗೆ ಸಂಜೆ, ಆಮೇಲೆ ಮಧ್ಯಾಹ್ನ, ಆಮೇಲೆ ಹಲ್ಲುಜ್ಜುವ ಮೊದಲು. 1991ರ ಬೇಸಿಗೆಯಲ್ಲಿ ಒಂದು ಮುಂಜಾನೆ ರಕ್ತ ಕಾರಿದ. ಮಹಬೂಬನಗರದ ಆಸ್ಪತ್ರೆಗೆ ಒಯ್ಯಬೇಕೆಂದು ನಾನೂ ಅತ್ತಿಗೆಯೂ ಬಸ್ ಸ್ಟ್ಯಾಂಡಿಗೆ ಕರೆತಂದೆವು. ಬಸ್ಸು ಬರುವುದಕ್ಕೆ ಮೊದಲೇ ಹೋಗಿಬಿಟ್ಟ. ವಯಸ್ಸು ಮೂವತ್ತಾರು. ಮರುವರ್ಷ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಅಕ್ಷರ ಕಲಿಯುವ ಶಾಲೆಯಿಂದ ಎದ್ದು ಬಂದು ಸಾರಾ ಅಂಗಡಿ ಮುಚ್ಚಿಸಿದರು. ಆ ಬೆಂಕಿ ರಾಜ್ಯದ ತುಂಬ ಹಬ್ಬಿ 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾ ಬಂದಾಯಿತು. 1995ರ ಜನವರಿಯಿಂದ ಎಲ್ಲ ಮದ್ಯವೂ ಬಂದು. ಆಗ ನಮ್ಮ ಕಡೆಯ ಸಂಜೆಯ ಬಸ್ಸುಗಳು ಗುರುಮಠಕಲ್ಲಿಗೆ ತುಂಬಿ ಹೋಗುತ್ತಿದ್ದವು, ತೂರಾಡುತ್ತ ಬರುತ್ತಿದ್ದವು. ಗಡಿಯ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1997ರಲ್ಲಿ ನಿಷೇಧ ಸಡಿಲವಾಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ನಮ್ಮ ತಾಯಿ ಮಾತ್ರ ಯಾವ ಸರ್ಕಾರಕ್ಕೂ ಕಾಯಲಿಲ್ಲ. ಅಣ್ಣನ ಹದಿಮೂರನೆಯ ದಿನ ನನ್ನ ಕೈ ಹಿಡಿದು, ಬಾಯಿಗೆ ಹಾಕುವುದಿಲ್ಲ ಎಂದು ಮಾತು ತೆಗೆದುಕೊಂಡಳು. ಆ ಮಾತು ಇಂದಿನವರೆಗೂ ನಡೆದಿದೆ. ನಡೆದಿದೆ ಎಂದೇ ಅಂದುಕೊಂಡಿದ್ದೇನೆ, ಮುಂದೆ ಕೇಳಿ.

2023ರ ಜನವರಿಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆ. ಅಳಿಯನಿಗೆ ಒಂದು ಹವ್ಯಾಸ. ಕೆಲವರು ಅಂಚೆ ಚೀಟಿ ಕೂಡಿಡುತ್ತಾರೆ, ಇವನೂ ಇವನ ನಾಲ್ಕಾರು ಗೆಳೆಯರೂ ಮೂರು ತಿಂಗಳಿಗೊಮ್ಮೆ ಸೇರಿ ವಿಸ್ಕಿಗಳನ್ನು ಹೋಲಿಸಿ ನೋಡುತ್ತಾರೆ. ಕುಡಿದು ಬೀಳುವ ಕೂಟವಲ್ಲ. ಒಬ್ಬೊಬ್ಬರ ಮುಂದೆ ಐದು ಗಾಜಿನ ಲೋಟ, ಒಂದೊಂದರಲ್ಲಿ ಎರಡು ಚಮಚೆಯಷ್ಟು ಮದ್ಯ, ಪಕ್ಕದಲ್ಲಿ ನೀರು, ಬರೆಯಲು ಕಾಗದ, ಉಗುಳಲು ಒಂದು ಪಾತ್ರೆ. ಪರೀಕ್ಷಾ ಹಾಲಿನ ಹಾಗೆ ಶಾಂತ. ಅಳಿಯ ಸಂಕೋಚದಿಂದಲೇ, ಮಾವ, ನೀವು ಕುಡಿಯುವುದು ಬೇಡ, ವಾಸನೆ ನೋಡಿ ಸಾಕು ಎಂದ. ದೊಡ್ಡ ಕಾರ್ಖಾನೆಗಳಲ್ಲಿ ವಿಸ್ಕಿ ಬೆರೆಸುವ ಹಿರಿಯರು ಹೆಚ್ಚಿನ ಕೆಲಸವನ್ನು ಮೂಗಿನಿಂದಲೇ ಮಾಡುತ್ತಾರಂತೆ. ದಿನಕ್ಕೆ ನೂರಾರು ಮಾದರಿ ಪರೀಕ್ಷಿಸುವವರು ಎಲ್ಲವನ್ನೂ ಕುಡಿದರೆ ಸಂಜೆ ಮನೆ ಮುಟ್ಟುವುದು ಹೇಗೆ? ತಾಯಿ ಬಾಯಿಯ ಮಾತು ತೆಗೆದುಕೊಂಡಿದ್ದಳು, ಮೂಗಿನದಲ್ಲ. ಕುಳಿತೆ.

ಸಿಂಗಲ್ ಮಾಲ್ಟ್ ಎಂದರೇನು ಎಂದು ಅಂದೇ ತಿಳಿಯಿತು. ನಮ್ಮವರು ಜೋಳಕ್ಕೆ ಮೊಳಕೆ ಕಟ್ಟಿ ಹಿಟ್ಟು ಮಾಡಿದ ಹಾಗೆ ಅವರು ಜವೆಗೋಧಿಗೆ, ಅಂದರೆ ಬಾರ್ಲಿಗೆ, ಮೊಳಕೆ ಕಟ್ಟುತ್ತಾರೆ. ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಸಿಹಿ ಇಳಿಸಿ, ಹುಳಿಯೆಬ್ಬಿಸಿ, ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ಬರೀ ಮೊಳಕೆಯ ಬಾರ್ಲಿ, ಒಂದೇ ಭಟ್ಟಿಯದು, ಆದ್ದರಿಂದ ಸಿಂಗಲ್ ಮಾಲ್ಟ್. ನಮ್ಮ ಅಂಗಡಿಗಳಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಹೆಚ್ಚಿನ ಪಾಲು ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್. ಯುರೋಪಿನಲ್ಲಿ ಅದಕ್ಕೆ ಆ ಹೆಸರು ಹಾಕಲು ಬಿಡುವುದಿಲ್ಲ.

ಬಟ್ಟಿ ಇಳಿಸುವಾಗ ಮೊದಲು ಬರುವ ಹನಿಗಳನ್ನೂ ಕೊನೆಗೆ ಬರುವುದನ್ನೂ ಬೇರೆ ಮಾಡಿ ನಡುವಿನದನ್ನು ಮಾತ್ರ ಪೀಪಾಯಿಗೆ ತುಂಬುತ್ತಾರೆ. ಈ ಮಾತು ಕೇಳಿದಾಗ ನನಗೆ ನಮ್ಮ ಕಡೆಯ ಗುಡುಂಬಾ ನೆನಪಾಯಿತು. ಕರಿ ಬೆಲ್ಲ, ಪಟಕ, ನವಸಾಗರ ಹಾಕಿ ರಾತ್ರಿ ಇಳಿಸಿ ಬೆಳಕು ಹರಿಯುವ ಮೊದಲೇ ಮಾರುವವನು ಮೊದಲ ಹನಿ ಯಾವುದು, ಕೊನೆಯದು ಯಾವುದು ಎಂದು ನೋಡುತ್ತಾನೆಯೇ? ಅವನಿಗೆ ಒಂದು ಹನಿ ಚೆಲ್ಲಿದರೂ ನಷ್ಟ.

ಹೊಸದಾಗಿ ಇಳಿಸಿದ ಮದ್ಯ ನೀರಿನ ಹಾಗೆ ಬೆಳ್ಳಗಿರುತ್ತದೆ. ಬಣ್ಣ ಬರುವುದು ಓಕ್ ಮರದ ಪೀಪಾಯಿಯಿಂದ. ಒಳಮೈಯನ್ನು ಬೆಂಕಿಯಲ್ಲಿ ಕಾಯಿಸಿದ ಈ ಪೀಪಾಯಿಗಳಲ್ಲಿ ಮೊದಲು ಅಮೆರಿಕದ ಬೂರ್ಬನ್ ಮದ್ಯವೋ ಸ್ಪೇನಿನ ಶೆರಿ ದ್ರಾಕ್ಷಾರಸವೋ ಇದ್ದಿರುತ್ತದೆ. ಮರ ತನ್ನ ಸಿಹಿ, ತನ್ನ ಒಗರು, ಹಳೆಯ ದ್ರಾಕ್ಷಿಯ ನೆನಪು ಎಲ್ಲವನ್ನೂ ಮೆಲ್ಲಗೆ ಬಿಟ್ಟುಕೊಡುತ್ತದೆ. ಬ್ರಿಟನ್ನಿನಲ್ಲಿ 1915ರ ಕಾನೂನಿನಿಂದ ಎರಡು ವರ್ಷ, ಮರುವರ್ಷದಿಂದ ಮೂರು ವರ್ಷ ಇಡುವುದು ಕಡ್ಡಾಯವಾಯಿತು. ಇಂದಿಗೂ ಮೂರು ವರ್ಷ ತುಂಬದ್ದಕ್ಕೆ ಸ್ಕಾಚ್ ಎಂಬ ಹೆಸರಿಲ್ಲ. ಬಾಟಲಿಯ ಮೇಲೆ 12 ಎಂದು ಬರೆದಿದ್ದರೆ ಒಳಗಿನ ಅತಿ ಚಿಕ್ಕ ವಿಸ್ಕಿಯ ವಯಸ್ಸು 12. ಐವತ್ತು ವರ್ಷದ್ದಕ್ಕೆ ಮೂರು ವರ್ಷದ್ದು ಒಂದು ಚಮಚೆ ಬೆರೆಸಿದರೂ ಮೂರು ಎಂದೇ ಬರೆಯಬೇಕು. ಇದು ನನಗೆ ಬಹಳ ಹಿಡಿಸಿತು. ನಾವು ಮನುಷ್ಯರು ವಯಸ್ಸು ಹೇಳುವಾಗ ಇಷ್ಟು ಪ್ರಾಮಾಣಿಕತೆ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಮಾತು. ವಯಸ್ಸು ಏರುವುದು ಪೀಪಾಯಿಯಲ್ಲಿ ಮಾತ್ರ, ಬಾಟಲಿಯಲ್ಲಿ ಅಲ್ಲ. ನಮ್ಮ ಕಡೆಯ ಒಬ್ಬ ಹಿರಿಯರು ಮಿಲಿಟರಿ ಕ್ಯಾಂಟೀನಿನಿಂದ 1985ರಲ್ಲಿ ಬಂದ ಒಂದು ಬಾಟಲಿಯನ್ನು ಟ್ರಂಕಿನಲ್ಲಿಟ್ಟು, ನಲವತ್ತು ವರ್ಷದ್ದು ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಅವರು ಈ ಕಾರ್ಯಕ್ರಮ ತಪ್ಪದೆ ಕೇಳುವವರು, ಸಿಟ್ಟಾಗಬಾರದು. ಮುಗಿಸಿದ ಫಿಕ್ಸೆಡ್ ಡಿಪಾಜಿಟ್ಟಿನ ಹಣವನ್ನು ಮಡಕೆಯಲ್ಲಿ ಇಟ್ಟರೆ ಬಡ್ಡಿ ಬರುತ್ತದೆಯೇ? ಪೀಪಾಯಿಯಿಂದ ಬಾಟಲಿಗೆ ಇಳಿಸಿದ ದಿನವೇ ಅದರ ಖಾತೆ ಮುಗಿಯಿತು.

ಈಗ ಲೋಟಗಳಿಗೆ ಬರೋಣ. ಲೋಟದ ಹೊಟ್ಟೆ ದಪ್ಪ, ಬಾಯಿ ಕಿರಿದು, ಸಣ್ಣ ಗಿಂಡಿಯ ಹಾಗೆ. ಮೂಗನ್ನು ಒಳಗೆ ತುರುಕಿದೆ. ಕಣ್ಣಲ್ಲಿ ನೀರು ಬಂತು, ಎಲ್ಲರೂ ನಕ್ಕರು. ಬಾಯಿ ಸ್ವಲ್ಪ ತೆರೆದು, ಲೋಟ ಗದ್ದದ ಹತ್ತಿರ ಹಿಡಿದು, ಮೆಲ್ಲಗೆ ಮೇಲೆ ತರಬೇಕು. ಮೊದಲನೆಯದು ಗ್ಲೆನ್‌ಲಿವೆಟ್ 12 ವರ್ಷದ್ದು. ಅನಾನಸು, ಹಸಿ ಸೇಬು, ಸ್ವಲ್ಪ ಜೇನು. ಕಾಲೇಜು ಸೇರಿದ ಹುಡುಗನ ಹಾಗೆ ಚೊಕ್ಕಟ, ಹೆಚ್ಚು ಮಾತಿಲ್ಲ. ಎರಡನೆಯದು ಲಾಗವುಲಿನ್ 16 ವರ್ಷದ್ದು. ಅಯ್ಯಯ್ಯ! ಟಿಂಚರ್ ಬಾಟಲಿ, ಸುಟ್ಟ ಹಗ್ಗ, ಮಳೆಗೆ ನೆನೆದ ಒಲೆ. ಅಲ್ಲಿಯ ಐಲೇ ಎಂಬ ದ್ವೀಪದಲ್ಲಿ ಮೊಳಕೆ ಕಟ್ಟಿದ ಬಾರ್ಲಿಯನ್ನು ಪೀಟ್ ಎಂಬ ಕೊಳೆತ ಸಸ್ಯದ ಮಣ್ಣಿನ ಹೊಗೆಯಲ್ಲಿ ಒಣಗಿಸುತ್ತಾರೆ. ಇದಕ್ಕಾಗಿ ಪ್ರಾಣ ಬಿಡುವವರಿದ್ದಾರಂತೆ. ನನಗೆ ಸೇರಲಿಲ್ಲ. ಆದರೆ ಎರಡು ಹನಿ ನೀರು ಬಿಟ್ಟಾಗ ಹೊಗೆಯ ಹಿಂದಿನಿಂದ ಸಿಹಿ ಬಂತು. ನೀರು ಸೇರಿದರೆ ಪರಿಮಳದ ಕೆಲವು ಅಂಶಗಳು ಮೇಲ್ಮೈಗೆ ಏರುತ್ತವೆ ಎಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಮೂರನೆಯದು ಗ್ಲೆನ್‌ಫಾರ್ಕ್ಲಾಸ್ 25 ವರ್ಷದ್ದು, ಶೆರಿ ಪೀಪಾಯಿಯಲ್ಲಿ ಬೆಳೆದದ್ದು. ಇಲ್ಲಿ ನಾನು ಬಹಳ ಹೊತ್ತು ನಿಂತೆ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಹಳೆಯ ಬೆಲ್ಲ, ಗೋಡಂಬಿ ಹುರಿದ ತುಪ್ಪ. ನಮ್ಮ ಅಜ್ಜಿಯ ಕಟ್ಟಿಗೆಯ ಪೆಟ್ಟಿಗೆ ತೆಗೆದಾಗ ಬರುತ್ತಿದ್ದ ವಾಸನೆ ಎಂದು ಕಾಗದದಲ್ಲಿ ಬರೆದೆ. ಪಕ್ಕದವರು ಇಣುಕಿ ನೋಡಿ, ಸರ್, ಇದು ನಮ್ಮೆಲ್ಲರದಕ್ಕಿಂತ ಸರಿಯಾಗಿದೆ ಎಂದರು. ಮರ್ಯಾದೆಗೆ ಹೇಳಿದರೋ ಏನೋ.

ನಾಲ್ಕನೆಯದು ಅದೇ ಮನೆತನದ 40 ವರ್ಷದ್ದು. ಪೂರ್ತಿ ಬಾಟಲಿ ಕೊಳ್ಳುವ ಶಕ್ತಿ ಅವರಲ್ಲಿ ಯಾರಿಗೂ ಇಲ್ಲ. ಹೊರದೇಶದ ಒಬ್ಬ ಗೆಳೆಯ ಔಷಧಿ ಶೀಶೆಯಷ್ಟು ಚಿಕ್ಕದರಲ್ಲಿ ಸ್ವಲ್ಪ ತಂದುಕೊಟ್ಟಿದ್ದ. ಅದನ್ನು ಬಗ್ಗಿಸುವಾಗ ಕೋಣೆಯಲ್ಲಿ ಉಸಿರಿನ ಸದ್ದಿಲ್ಲ. ನಾನೂ ಗೌರವದಿಂದ ಮೂಗು ಹಿಡಿದೆ. ಕಾಫಿ ಪುಡಿ, ಚರ್ಮದ ಚಪ್ಪಲಿಯ ಅಂಗಡಿ, ಮರದ ಹೊಟ್ಟು, ಎಲ್ಲಕ್ಕೂ ಹಿಂದೆ ಎಲ್ಲೋ ದೂರದಲ್ಲಿ ಕಿತ್ತಳೆ. ದೊಡ್ಡದು ಹೌದು, ಗಂಭೀರ ಹೌದು. ಆದರೆ ಮರ ಸ್ವಲ್ಪ ಹೆಚ್ಚು ಮಾತಾಡುತ್ತಿದೆ ಎನಿಸಿತು. ಇಪ್ಪತ್ತೈದರಲ್ಲಿ ಮರವೂ ಧಾನ್ಯವೂ ಸಂಸಾರ ಮಾಡುತ್ತಿದ್ದವು. ನಲವತ್ತರಲ್ಲಿ ಧಾನ್ಯ ಸುಮ್ಮನೆ ಮೂಲೆಯಲ್ಲಿ ಕೂತಿದೆ. ಹಾಗೆಂದು ಹೇಳಿಬಿಟ್ಟೆ. ಇಬ್ಬರು ಒಪ್ಪಿದರು, ಮೂವರು ಒಪ್ಪಲಿಲ್ಲ. ಒಪ್ಪದವರಲ್ಲಿ ಆ ಶೀಶೆಗೆ ಹಣ ಹಾಕಿದವನೂ ಇದ್ದ, ಅದು ಸಹಜ.

ಐದನೆಯದು ಯಾವುದೆಂದು ಹೇಳದೆ ಕೊಟ್ಟರು. ಖಾರ, ಬಾಳೆಹಣ್ಣು, ಸುಟ್ಟ ಸಕ್ಕರೆ, ತೆಳುವಾದ ಹೊಗೆ. ನಾನು, ಇದಕ್ಕೆ ಇಪ್ಪತ್ತು ವರ್ಷ ಆಗಿರಬೇಕು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಬೆಂಗಳೂರಿನ ಅಮೃತ್ ಫ್ಯೂಷನ್. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾದದ್ದು, ಪೀಪಾಯಿಯಲ್ಲಿ ಇದ್ದದ್ದು ಬೆರಳೆಣಿಕೆಯ ವರ್ಷ!

ಈ ಅಮೃತ್ ಕಂಪನಿ 1948ರಲ್ಲಿ ರಾಧಾಕೃಷ್ಣ ಜಗದಾಳೆ ಎಂಬವರು ಸ್ಥಾಪಿಸಿದ್ದು. ಅವರ ಮಗ ನೀಲಕಂಠ ಜಗದಾಳೆ ಅವರ ಕಾಲದಲ್ಲಿ, 2004ರ ಆಗಸ್ಟ್ 24ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿಯೇ ತಮ್ಮ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದರು. ಇಳಕಲ್ಲಿಗೆ ಹೋಗಿ ಸೀರೆ ಮಾರಿದ ಹಾಗೆ! ಮೊದಲ ವರ್ಷಗಳಲ್ಲಿ ಭಾರತದ್ದು ಎಂದು ಹೇಳಿದರೆ ಮೂಗು ಮುರಿಯುತ್ತಿದ್ದರಂತೆ, ಹೆಸರು ಮುಚ್ಚಿ ಕೊಟ್ಟರೆ ಹೊಗಳುತ್ತಿದ್ದರಂತೆ. ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕ ತನ್ನ 2010ರ ವಿಸ್ಕಿ ಗ್ರಂಥದಲ್ಲಿ ಈ ಫ್ಯೂಷನ್ನಿಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದ. ನಮ್ಮ ದೇಶದ ಬಾರ್ಲಿಯೂ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿಯೂ ಕೂಡಿದ್ದರಿಂದ ಅದಕ್ಕೆ ಆ ಹೆಸರು. ನೀಲಕಂಠ ಜಗದಾಳೆ ಅವರು 2019ರಲ್ಲಿ ತೀರಿಕೊಂಡರು.

ಸರಿ, ನಾಲ್ಕೈದು ವರ್ಷದ್ದು ಇಪ್ಪತ್ತರ ಹಾಗೆ ಯಾಕೆ ಕಂಡಿತು? ಇಲ್ಲಿಗೆ ನನ್ನ ಲೆಕ್ಕ ಬಂತು. ಪೀಪಾಯಿಯ ಮರ ಉಸಿರಾಡುತ್ತದೆ, ಒಳಗಿನದು ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ. ಇದಕ್ಕೆ ಅವರು ದೇವದೂತರ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇಕಡಾ 2ರ ಸುಮಾರು. ಬೆಂಗಳೂರಿನಲ್ಲಿ ಶೇಕಡಾ 10ರಿಂದ 12. ನಾನು ಅಳಿಯನ ಪೆನ್ನು ತೆಗೆದುಕೊಂಡು ಕಾಗದದ ಹಿಂಬದಿಗೆ ಚಕ್ರಬಡ್ಡಿ ಹಾಕಿದೆ, ಆದರೆ ತಲೆಕೆಳಗಾದ ಚಕ್ರಬಡ್ಡಿ. ನೂರು ಲೀಟರು ಅಲ್ಲಿಟ್ಟರೆ ಶೇಕಡಾ 2ರಂತೆ 25 ವರ್ಷಕ್ಕೆ ಉಳಿಯುವುದು 60 ಲೀಟರು. ಇಲ್ಲಿ ಶೇಕಡಾ 12ರಂತೆ 60 ಲೀಟರು ಉಳಿಯುವುದು ನಾಲ್ಕೇ ವರ್ಷಕ್ಕೆ! ಎರಡು ಸಲ ಹಾಕಿ ನೋಡಿದೆ, ಅದೇ ಬಂತು. ಅಲ್ಲಿ 40 ವರ್ಷಕ್ಕೆ 45 ಲೀಟರು ಉಳಿದರೆ ಇಲ್ಲಿ 10 ವರ್ಷಕ್ಕೆ 28. ನಷ್ಟ ಸಮವಾದ ಮಾತ್ರಕ್ಕೆ ಪಕ್ವತೆ ಸಮ ಎಂದಲ್ಲ. ಬಿಸಿಯಲ್ಲಿ ಮರ ಬೇಗ ಕೊಡುತ್ತದೆ, ಆದರೆ ತಂಪಿನಲ್ಲಿ ಮೆಲ್ಲಗೆ ಆಗುವ ಕೆಲವು ಕೆಲಸಗಳು ಅವಸರಕ್ಕೆ ಆಗುವುದಿಲ್ಲ. ಮಾವು ಮರದಲ್ಲಿ ಹಣ್ಣಾಗುವುದಕ್ಕೂ ಹುಲ್ಲಿನಲ್ಲಿ ಹಣ್ಣಾಗುವುದಕ್ಕೂ ಇರುವ ಅಂತರ ಎನ್ನಿ. ಇಷ್ಟಾದರೂ ಅಮೃತ್‌ನವರು ಹಟ ಬಿಡಲಿಲ್ಲ. ಆಸೆಬುರುಕ ದೇವದೂತರು ಎಂಬ ಅರ್ಥದ ಹೆಸರಿಟ್ಟು, ಗ್ರೀಡಿ ಏಂಜೆಲ್ಸ್ ಎಂದು, ಮೊದಲು 8 ವರ್ಷದ್ದು, ಆಮೇಲೆ 10 ವರ್ಷದ್ದು, 12 ವರ್ಷದ್ದು ಹೊರತಂದರು. ಹನ್ನೆರಡರದ್ದು ಬಂದದ್ದು ನೂರೇ ಬಾಟಲಿ. ಇದೇ ಪೀಪಾಯಿಯನ್ನು ಮೇ ತಿಂಗಳಿನಲ್ಲಿ ನಮ್ಮ ಮದ್ದೂರಿನಲ್ಲಿಟ್ಟರೆ ಏನಾದೀತು ಎಂದು ಅಳಿಯ ಕೇಳಿದ. ನಮ್ಮೂರಿನ ದೇವದೂತರು ಪೀಪಾಯಿಯನ್ನೂ ಬಿಡುವುದಿಲ್ಲ ಎಂದೆ.

ಬೆಂಗಳೂರಿನಂಥ ಒಣ ಹವೆಯಲ್ಲಿ ನೀರು ಬೇಗ ಹಾರುತ್ತದೆ, ಮದ್ಯದ ಕಟುತ್ವ ಇಳಿಯುವುದಿಲ್ಲ. ಸ್ಕಾಟ್ಲೆಂಡಿನ ತೇವದಲ್ಲಿ ವರ್ಷ ಕಳೆದಂತೆ ಕಟುತ್ವವೇ ಇಳಿಯುತ್ತದೆ. ಶೇಕಡಾ 40ಕ್ಕಿಂತ ಕೆಳಗೆ ಬಂದರೆ ಕಾನೂನಿನ ಪ್ರಕಾರ ಅದು ಸ್ಕಾಚೇ ಅಲ್ಲ. ಹೀಗಾಗಿ ಬಹಳ ಹಳೆಯ ಪೀಪಾಯಿಯ ಒಡೆಯನದು ವಯಸ್ಸಾದ ತಂದೆಯನ್ನು ಕಾಯುವ ಮಗನ ಪಾಡು, ಆಗಾಗ ನಾಡಿ ನೋಡುತ್ತಿರಬೇಕು. ಆದರೂ ಕಾಯುವವರಿದ್ದಾರೆ. ಎಲ್ಗಿನ್ ಎಂಬ ಊರಿನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ವ್ಯಾಪಾರಿಗಳು 1940ರ ಫೆಬ್ರವರಿ 3ರಂದು ತುಂಬಿಸಿದ ಗ್ಲೆನ್‌ಲಿವೆಟ್ ಪೀಪಾಯಿಯೊಂದನ್ನು 80 ವರ್ಷ ಇಟ್ಟು 2021ರಲ್ಲಿ 250 ಬಾಟಲಿ ಮಾರಿದರು. ತುಂಬಿಸಿದ ದಿನ ಯುದ್ಧ ನಡೆದಿತ್ತು, ನಮ್ಮ ಕೊಡಂಗಲ್ ತಾಲೂಕು ನಿಜಾಮರ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಅದು ಬಾಟಲಿಗೆ ಇಳಿಯುವಷ್ಟರಲ್ಲಿ ನಾವು ಗುಲ್ಬರ್ಗಾ ಬಿಟ್ಟು, ಆಂಧ್ರ ಸೇರಿ, ತೆಲಂಗಾಣವಾಗಿ, ನಾರಾಯಣಪೇಟ ಜಿಲ್ಲೆಗೆ ಬಂದಿದ್ದೆವು. ಪೀಪಾಯಿ ಮಾತ್ರ ಇದ್ದಲ್ಲೇ ಇತ್ತು. ಮ್ಯಾಕಲನ್ ಕಂಪನಿ 1926ರಲ್ಲಿ ತುಂಬಿಸಿ 1986ರಲ್ಲಿ ತೆಗೆದ ಒಂದು ಪೀಪಾಯಿಯಿಂದ ಬಂದದ್ದು 40 ಬಾಟಲಿ. ಅದರಲ್ಲಿ ಒಂದು 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಮಿಕ್ಕಿ, ನಮ್ಮ ಲೆಕ್ಕದಲ್ಲಿ ಸುಮಾರು 22 ಕೋಟಿ ರೂಪಾಯಿಗೆ ಹೋಯಿತು. ಕೊಂಡವರು ಅದನ್ನು ಕುಡಿಯುತ್ತಾರೆ ಎಂದು ನನಗೆ ಅನಿಸುವುದಿಲ್ಲ. ಅದು ಮದ್ಯವಲ್ಲ, ಒಂದು ಬಾಂಡು.

ಬಾಂಡು ಇದ್ದಲ್ಲಿ ಖೋಟಾ ಬಾಂಡೂ ಇರುತ್ತದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ ಚೀನಾದ ಒಬ್ಬ ಲೇಖಕ 1878ರ ಮ್ಯಾಕಲನ್ ಎಂದು ಒಂದೇ ಒಂದು ಗುಟುಕಿಗೆ 9,999 ಫ್ರಾಂಕ್, ಅಂದರೆ ಆರೂವರೆ ಲಕ್ಷ ರೂಪಾಯಿ ಕೊಟ್ಟ. ಚಿತ್ರ ನೋಡಿದ ಬಲ್ಲವರಿಗೆ ಬಿರಟೆಯ ಮೇಲೆ, ಚೀಟಿಯ ಮೇಲೆ ಸಂಶಯ ಬಂತು. ಹೋಟೆಲಿನವರೇ ಮಾದರಿ ಕಳಿಸಿದರು. ಆಕ್ಸ್‌ಫರ್ಡಿನ ವಿಜ್ಞಾನಿಗಳು, ಬಾರ್ಲಿ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲದ ಗುರುತು ಹಿಡಿದು ವಯಸ್ಸು ಅಳೆದರು. ಅದು 1970ರ ಆಸುಪಾಸಿನದು! ಸಿಂಗಲ್ ಮಾಲ್ಟ್ ಕೂಡ ಅಲ್ಲ, ಬೆರಕೆ. ಹೋಟೆಲಿನ ವ್ಯವಸ್ಥಾಪಕ ಚೀನಾಕ್ಕೆ ಹೋಗಿ ಹಣ ವಾಪಸು ಕೊಟ್ಟು ಬಂದ. ಆ ಲೇಖಕ ಕುಡಿದಾಗ ರುಚಿ ಚೆನ್ನಾಗಿಯೇ ಇದೆ ಎಂದುಕೊಂಡಿದ್ದ ಎಂಬುದನ್ನು ಮರೆಯಬಾರದು. ನಾವು ರುಚಿ ನೋಡುವಾಗ ಅರ್ಧ ನಾಲಗೆಯಿಂದ ನೋಡುತ್ತೇವೆ, ಅರ್ಧ ಚೀಟಿಯಿಂದ.

ಎಲ್ಲ ಮುಗಿದ ಮೇಲೆ ಅಳಿಯ ಲೋಟ ತೊಳೆಯಲು ಒಳಗೆ ಹೋದ. ಇಪ್ಪತ್ತೈದರ ಲೋಟದಲ್ಲಿ ತಳಕ್ಕೆ ಒಂದಿಷ್ಟು ಉಳಿದಿತ್ತು. ನಾನು ಕಿರುಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದೆ. ಸಿಹಿ, ಒಗರು, ಬೆಚ್ಚಗೆ. ಕೂಡಲೇ ಉಗುಳಿ ಬಾಯಿ ಮುಕ್ಕಳಿಸಿದೆ. ತಾಯಿಗೆ ಕೊಟ್ಟ ಮಾತು ಮುರಿಯಿತೋ ಇಲ್ಲವೋ ಎಂಬ ಲೆಕ್ಕ ನನಗೆ ಇನ್ನೂ ಬಿಡಿಸಲಾಗಿಲ್ಲ.

ಆ 40 ವರ್ಷದ ಖಾಲಿ ಶೀಶೆಯನ್ನು ಕೇಳಿ ಇಸಕೊಂಡು ಊರಿಗೆ ತಂದೆ. ಅತ್ತಿಗೆ ನಮ್ಮ ಮನೆಯಲ್ಲೇ ಇದ್ದಾಳೆ, ಈಗ ಅವಳಿಗೆ ಎಪ್ಪತ್ತು ಸಮೀಪ. ಕುಡಿತದ ವಾಸನೆ ಎಂದರೆ ಏನೆಂದು ಈ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. ಅಣ್ಣನ ಅಂಗಿಗಳನ್ನು ಒಗೆದವಳು ಅವಳು. ಹೆದರುತ್ತಲೇ ಬಿರಟೆ ತೆಗೆದು ಅವಳ ಮುಂದೆ ಹಿಡಿದೆ. ಬಹಳ ಹೊತ್ತು ಮೂಗಿಗೆ ಹಿಡಿದುಕೊಂಡಳು. ‘ಬಡಿಗೇರ ಮನಿ ವಾಸನಿ ಬರ್ತದ’ ಎಂದಳು. ಆಮೇಲೆ, ‘ಇದನ್ನ ಕುಡಿಲಾಕ ನಲವತ್ತು ವರ್ಷ ಕಾಯ್ತಾರೇನು?’ ಎಂದು ಕೇಳಿದಳು. ಹೌದು ಎಂದೆ.

‘ನಿಮ್ಮಣ್ಣ ಬಸ್ ಬರತನಾ ಭೀ ಕಾಯಲಿಲ್ಲ’ ಎಂದಳು.

ಶೀಶೆಯನ್ನು ಬಿಸಿನೀರಿನಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆ ತುಂಬಿಟ್ಟಿದ್ದಾಳೆ.